ಹನ್ನೆರಡನೆಯ ಗಿಡಕ್ಕೆ ಕಟ್ಟಿದ ಬಟ್ಟೆ

ಇಯೆರಾಪೆತ್ರಾ
ಸೋಮವಾರ, ನವೆಂಬರ್ 21, 2016

ಮಿನಾಸ್,

ಹೆಸರಿನ ಹಿಂದೆ "ಪ್ರೀತಿಯ" ಎಂದು ಸೇರಿಸಬೇಕೋ ಬೇಡವೋ ಎಂದು ಅರ್ಧ ಗಂಟೆ ಪೆನ್ನು ಹಿಡಿದು ಕೂತಿದ್ದೆ. ಏಳು ತಿಂಗಳಿಂದ ಮಾತು ಬಿಟ್ಟ ಗಂಡನಿಗೆ ಕಾಗದವನ್ನು ಹೇಗೆ ಶುರುಮಾಡುತ್ತಾರೆ ಎಂದು ನನಗೆ ಯಾರೂ ಕಲಿಸಿಲ್ಲ. ಕೊನೆಗೆ ಬರೀ ಹೆಸರು ಬರೆದೆ. ಉಳಿದದ್ದನ್ನು ನೀನೇ ಸೇರಿಸಿಕೋ, ಸೇರಿಸಬೇಕು ಅನ್ನಿಸಿದರೆ.

ಫೋನ್ ಮಾಡಬಹುದಿತ್ತು. ಆದರೆ ನೀನು ಫೋನ್ ಎತ್ತುವವನಲ್ಲ. ಎತ್ತಿದರೂ ಎರಡು ಸಲ "ಹೂಂ" ಅಂದು ಇಟ್ಟುಬಿಡುವವನು. ನಾನೋ, ಎರಡನೆಯ "ಹೂಂ"ಗೇ ಬಾಯಿಗೆ ಬಂದದ್ದನ್ನು ಆಡಿಬಿಡುವವಳು. ಆಡುವುದನ್ನೆಲ್ಲ ಏಪ್ರಿಲ್‌ನಲ್ಲಿ ಆಡಿ ಮುಗಿಸಿದ್ದೇನೆ. ಅದಕ್ಕೇ ಈ ಕಾಗದ. ನಿನ್ನ ಸೋದರತ್ತೆ ಕಲ್ಲಿಯೋಪಿ ಕಣ್ಣಿನ ಆಪರೇಷನ್ನಿಗೆ ಬಂದವರು ಇಲ್ಲೇ ಅಕ್ಕನ ಮನೆಯಲ್ಲಿ ನಾಲ್ಕು ದಿನದಿಂದ ಇದ್ದಾರೆ. ನಾಳೆ ಬೆಳಗಿನ ಬಸ್ಸಿಗೆ ಊರಿಗೆ ಹೊರಡುತ್ತಾರೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತೇನೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ, ನಿಜ. ಆದರೆ ನನ್ನ ಕಾಗದ ಓದುವುದಕ್ಕೆ ಅವರಿಗೆ ಇನ್ನೊಂದು ಕಣ್ಣೇ ಸಾಕು, ಅದಕ್ಕೇ ಗೋಂದು ಹಾಕಿ ಅಂಟಿಸಿ ಕೊಡುತ್ತೇನೆ.

ಇಲ್ಲಿ ಇವತ್ತು ಬಿತ್ತನೆಯ ಮಾತೆಯ ಹಬ್ಬ. ಅಕ್ಕ ಅನೆಜೀನಾ ಗೋಧಿ, ಕಡಲೆ, ಅಲಸಂದೆ, ಮಸೂರ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ಪಾಲಿಹೌಸಿನ ಕೆಲಸದವರಿಗೆಲ್ಲ ಹಂಚಿದಳು. ನನ್ನ ಪಾಲನ್ನೂ ನಾನು ಅವರಿಗೇ ಬಡಿಸಿಬಿಟ್ಟೆ. ಗುರುವಾರದ ಯೋಚನೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಕೋರ್ಟಿನಲ್ಲಿ ನಿನ್ನ ಮೇಲಿನ ಮರ ಕಡಿದ ಕೇಸು. ನಾನು ಸಾಕ್ಷಿ, ಅದೂ ನಿನ್ನ ವಿರುದ್ಧ. ಮೇ ತಿಂಗಳಲ್ಲಿ ನಾನೇ ಸಹಿ ಹಾಕಿದ ಹೇಳಿಕೆಯನ್ನು ಅಲ್ಲಿ ನಿಂತು ಮತ್ತೊಮ್ಮೆ ಬಾಯಲ್ಲಿ ಹೇಳಬೇಕಂತೆ. ಶಿಕ್ಷೆಯಾದರೆ ನೀನು ಇನ್ನು ಮುಂದೆ ಅಬೆಲಿತ್ಸಾ ಮರದ ಒಣ ತುಂಡನ್ನೂ ಮುಟ್ಟುವ ಹಾಗಿಲ್ಲ, ಕೋಲು ಮಾಡುವ ಅಂಗಡಿಗೆ ಬೀಗ ಬೀಳುತ್ತದೆ ಎಂದು ಅತ್ತೆ ಹೇಳಿದರು. ನಿನ್ನ ಕೈಯಿಂದ ಆ ಕೆಲಸ ಕಿತ್ತುಕೊಂಡರೆ ನೀನು ಏನಾಗುತ್ತೀಯ ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನೀನು ಹೇಳಿ ಕಳಿಸಿದ್ದೂ ಮುಟ್ಟಿತು. "ಗುರುವಾರ ಅವಳು ಬಾಯಿ ಬಿಡೋದು ಬೇಡ. ಬರೆದುಕೊಟ್ಟಿದ್ದನ್ನೇ ಓದ್ಲಿ. ಕಡಿದೋನು ನಾನು, ಅನುಭವಿಸೋನೂ ನಾನು. ಅವಳ ಕೆಲ್ಸಕ್ಕೆ ಕುತ್ತು ಬರಬಾರ್ದು" ಅಂದೆಯಂತೆ. ಅತ್ತೆ ನಿನ್ನ ದನಿಯಲ್ಲೇ ಒಪ್ಪಿಸಿದರು, ಆ ಗೊಗ್ಗರು ಗಂಟಲಿನ ಸಮೇತ. ನಾನು ಒಲೆಯ ಕಡೆ ತಿರುಗಿ ನಿಂತುಬಿಟ್ಟೆ. ಏಳು ತಿಂಗಳಲ್ಲಿ ನಿನ್ನಿಂದ ಬಂದ ಮೊದಲ ಮಾತು ಅದು, ಅದೂ ನನ್ನ ಕೆಲಸದ ಬಗ್ಗೆ.

ಬಾಯಿ ಬಿಡುತ್ತೇನೆ, ಮಿನಾಸ್. ಏನು ಹೇಳುತ್ತೇನೆ ಎಂಬುದನ್ನು ನಿನಗೆ ಮೊದಲೇ ಬರೆದು ತಿಳಿಸುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೇ ಬರೆದಿದ್ದಾಳೆ ಎಂದು ನಗಬೇಡ. ನ್ಯಾಯಾಧೀಶರು ಪಟ್ಟಣದವರು, ಅವರಿಗೆ ಮೊದಲಿನಿಂದ ಹೇಳಬೇಕು. ಇಲ್ಲಿ ಬರೆದು ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ ಅಂದುಕೋ.

ಹೀಗೆ ಹೇಳುತ್ತೇನೆ: ಈ ದ್ವೀಪ ಬಿಟ್ಟರೆ ಅಬೆಲಿತ್ಸಾ ಬೇರೆಲ್ಲೂ ಇಲ್ಲ. ನಮ್ಮ ಕಥಾರೋ ಬಯಲಿನ ಸುತ್ತ ಅದು ಬೇಕಾದಷ್ಟಿದೆ, ಆದರೆ ಎಲ್ಲವೂ ಮೊಣಕಾಲೆತ್ತರದ ಮುದುಕರು. ನೂರು ವರ್ಷದಿಂದ ಮೇಕೆ ಮೇಯ್ದು ಮೇಯ್ದು ಗುಂಡುಕಲ್ಲಿನ ಹಾಗೆ ಕೂತಿವೆ, ಹೂವಿಲ್ಲ, ಬೀಜವಿಲ್ಲ. ಮೇಕೆಯ ಬಾಯಿಗೆ ಎಟುಕದಷ್ಟು ಮೇಲೆದ್ದು ಬೀಜ ಬಿಟ್ಟವು ನಮ್ಮ ಕಡೆ ಹನ್ನೆರಡೇ. ಅವುಗಳ ಬೀಜ ಆಯ್ದು ತರುವುದು, ಬುಡಕ್ಕೆ ಮುಳ್ಳು ಹೊದಿಸುವುದು ನನ್ನ ಕೆಲಸ. ನಾಲ್ಕು ವರ್ಷದಿಂದ ಅರಣ್ಯ ಕಚೇರಿಯ ಎರಾತೋ ಎಂಬ ಹುಡುಗಿಯ ಕೈಕೆಳಗೆ ಮಾಡುತ್ತಿದ್ದೇನೆ. ಹನ್ನೊಂದು ಗಿಡ ಹೇಗೋ ಬಂಡೆಸಂದಿಯಲ್ಲಿ ತಾವೇ ಬದುಕಿಕೊಂಡವು. ಹನ್ನೆರಡನೆಯದನ್ನು ಮಾತ್ರ ಒಬ್ಬ ಮನುಷ್ಯ ಬೆಳೆಸಿದ. ನನ್ನ ಅಪ್ಪ ಮೂವತ್ತು ವರ್ಷ ಪ್ರತಿ ಮಳೆಗಾಲಕ್ಕೂ ಅದರ ಸುತ್ತ ಮುಳ್ಳು ಒಟ್ಟಿ, ಕಲ್ಲು ಹೇರಿ ಕಾಪಾಡಿದ. ಅರಣ್ಯ ಕಾಯುವುದಕ್ಕಲ್ಲ. ಒಂದು ಒಳ್ಳೆಯ ಕತ್ಸೂನಾ, ಕೈಕೋಲು, ಆಗಲಿ ಎಂದು.

ಇಲ್ಲಿ ನ್ಯಾಯಾಧೀಶರು ತಲೆಯೆತ್ತಿ ನೋಡುತ್ತಾರೆ ಎಂದುಕೊಂಡಿದ್ದೇನೆ. ಆಗ ಹೇಳುತ್ತೇನೆ: ಸ್ವಾಮಿ, ನಮ್ಮಲ್ಲಿ ಕುರಿ ಕಾಯುವವನ ಕೈಯಲ್ಲಿ, ಮದುಮಗನ ಕೈಯಲ್ಲಿ, ಕಾಫಿ ಅಂಗಡಿಯ ಮುದುಕನ ಕೈಯಲ್ಲಿ ಇರುವ ಕೋಲು ಆ ಮರದ್ದೇ. ಬೇರೆ ಮರದ್ದನ್ನು ಹಿಡಿದವನು ಕೋಲು ಹಿಡಿದ ಹಾಗಲ್ಲ, ಸೌದೆ ಹಿಡಿದ ಹಾಗೆ. ಒಳ್ಳೆಯ ಗಿಡ ಕಂಡವನು ಅದಕ್ಕೆ ತನ್ನ ಮನೆಯ ಬಟ್ಟೆಯ ಒಂದು ತುಂಡು ಕಟ್ಟುತ್ತಾನೆ. ಹಾಗೆ ಕಟ್ಟಿದ ಮೇಲೆ ಅದು ಆ ಮನೆಯ ಗಿಡ. ಹತ್ತು ವರ್ಷವಾದರೂ ಇನ್ನೊಬ್ಬ ಮುಟ್ಟುವುದಿಲ್ಲ, ಕುರಿ ಕದ್ದು ತಿಂದ ಶತ್ರುವೂ ಮುಟ್ಟುವುದಿಲ್ಲ. ಸಮಯ ಬಂದಾಗ ಆ ಮನೆಯ ಗಂಡಸು ಹೋಗಿ ಕಡಿದು ತರುತ್ತಾನೆ.

ಈ ಮರ ಕಡಿಯಬಾರದೆಂಬ ಕಾನೂನು ಬಂದ ಮೇಲೆ ನೀನು ಹಸಿ ಮರಕ್ಕೆ ಗರಗಸ ಹಾಕಿದವನಲ್ಲ. ಹಳೇ ಮನೆಯ ತೊಲೆ, ಹಳ್ಳದಲ್ಲಿ ಕೊಚ್ಚಿ ಬಂದ ಕೊಂಬೆ, ಅದರಲ್ಲೇ ದಿನ ದೂಡಿದೆ. ನಾನು ಬೀಜದ ಗಿಡಗಳಿಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಟ್ಟಲು ಶುರುಮಾಡಿದಾಗ ನೀನೇ ಕಾಫಿ ಅಂಗಡಿಯಲ್ಲಿ ಎದ್ದು ನಿಂತು, "ಕಿತ್ತಳೆ ಪಟ್ಟಿ ಇದ್ದ ಗಿಡಕ್ಕೆ ಯಾರಾದ್ರೂ ಕೈ ಹಾಕಿದ್ರೆ ಅವನ ಮದ್ವೆ ಕೋಲು ನಾನು ಮಾಡಲ್ಲ, ಬೇವರ್ಸಿ ಅಲ್ಯುಮಿನಿಯಂ ಪೈಪ್ ಹಿಡ್ಕೊಂಡು ಇಗರ್ಜಿಗೆ ಹೋಗ್ಲಿ" ಅಂದೆ. ಇಡೀ ಊರಿಗೆ ಅದು ಕಾನೂನಿಗಿಂತ ಹೆಚ್ಚು ನಾಟಿತು. ಇದನ್ನೂ ಹೇಳುತ್ತೇನೆ.

ಇನ್ನು ಕಳೆದ ವರ್ಷದ ಅಕ್ಟೋಬರ್. ಹನ್ನೆರಡನೆಯ ಗಿಡ ಆ ವರ್ಷವೇ ಮೊದಲ ಸಲ ಬೀಜ ಬಿಟ್ಟಿತ್ತು. ಎಣಿಸಿ ಅರವತ್ತು ಬೀಜ ಆಯ್ದೆ (ಮೊಳೆತದ್ದು ನಾಲ್ಕು, ಉಳಿದದ್ದು ಜಳ್ಳು). ಹಿಂದಿನ ವರ್ಷ ಕಟ್ಟಿದ ಕಿತ್ತಳೆ ಪಟ್ಟಿಗಳನ್ನೆಲ್ಲ ಮೇಕೆಗಳು ತಿಂದು ಹಾಕಿದ್ದವು. ಅದಕ್ಕೇ ಆ ಸಲ ಚೀಲದ ಹುರಿ ಕಟ್ಟುತ್ತಾ ಬಂದೆ. ಹನ್ನೊಂದು ಗಿಡಕ್ಕೆ ಹುರಿ ಆಯಿತು, ಹನ್ನೆರಡನೆಯದಕ್ಕೆ ಬರುವಾಗ ಹುರಿ ಮುಗಿದಿತ್ತು. ಬುತ್ತಿ ಕಟ್ಟಿದ್ದ ನಿನ್ನ ಹಳೇ ಕರಿ ರುಮಾಲಿನಿಂದ ಒಂದು ತುಂಡು ಹರಿದು ಕಟ್ಟಿದೆ. ಯೋಚನೆ ಮಾಡದೆ ಕಟ್ಟಿದೆ.

ಜನವರಿಯಲ್ಲಿ ಚಂದ್ರ ಇಳಿಯುವ ವಾರ ನೀನು ಹಳೇ ಕೊಂಬೆ ಹುಡುಕುತ್ತ ಹಿಮದಲ್ಲಿ ಅತ್ತ ಹೋದೆ. ನಿನ್ನ ರುಮಾಲು, ನಿನ್ನ ತಾಯಿ ಹೆಣೆದ ಗಂಟಿನ ಅಂಚು, ನನ್ನ ಅಪ್ಪ ಕಾದ ಗಿಡಕ್ಕೆ ಸುತ್ತಿತ್ತು. ಅರಣ್ಯದವರ ಸಂಬಳ ತಿನ್ನುವ ಹೆಂಡತಿ ತಾನೇ ಕಟ್ಟಿದ್ದಾಳೆ ಎಂದರೆ ಕೇಳಿ, ಒಪ್ಪಿಗೆ ಪಡೆದೇ ಕಟ್ಟಿರುತ್ತಾಳೆ ಎಂದುಕೊಂಡೆ. ಹೆಂಡತಿ ಗಂಡನಿಗೆ ಎತ್ತಿಟ್ಟ ಗಿಡ ಎಂದುಕೊಂಡೆ. ನಮ್ಮೂರಿನ ಯಾವ ಗಂಡಸಾದರೂ ಹಾಗೇ ಅಂದುಕೊಳ್ಳುತ್ತಿದ್ದ.

ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ನಾನು ಹೋದೆ. ಅಲ್ಲಿದ್ದದ್ದು ಒಂದು ಬೊಡ್ಡೆ. ಅಲ್ಲಿಂದ ಊರಿಗೆ ಎರಡು ಗಂಟೆಯ ದಾರಿಯನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ಸೀದಾ ಕಾಫಿ ಅಂಗಡಿಗೆ ನುಗ್ಗಿ, ಹೆಂಗಸರು ಹೋಗದ ಹೊತ್ತಿನಲ್ಲಿ, ಇಪ್ಪತ್ತು ಗಂಡಸರ ನಡುವೆ ನಿಂತು ಯಾರು ಕಡಿದದ್ದು ಎಂದು ಕೂಗಿದೆ. ನೀನು ಎದ್ದೆ. ನೀನು ನಗುತ್ತಿದ್ದೆ, ಮಿನಾಸ್. "ನಾನೇ ಕಣೇ" ಅಂದೆ.

ಆ ನಗುವೇ ನನ್ನನ್ನು ಸುಟ್ಟಿತು. ಕಡಿದದ್ದೂ ಅಲ್ಲದೆ ನಗುತ್ತಾನಲ್ಲ ಎಂದುಕೊಂಡೆ. ಕಳ್ಳ ಅಂದೆ. ಸತ್ತ ನನ್ನಪ್ಪನ ಸೊತ್ತು ಕದ್ದವನು ಅಂದೆ. ಮರ ಕಡಿಯುವ ಕೈ ಬಿದ್ದುಹೋಗಲಿ ಅಂದೆ. ನಿನ್ನ ಮುಖದಿಂದ ನಗು ಮೆಲ್ಲನೆ ಇಳಿಯಿತು. ನೀನು ಕೂತೆ. ಯಾರೋ ಒಬ್ಬರು "ಏಳೋ ಮಿನಾಸ್, ಏನಾದ್ರೂ ಹೇಳೋ" ಅಂದರೂ ತುಟಿಪಿಟಕ್ಕೆನ್ನಲಿಲ್ಲ. ಅವತ್ತೇ ನಾನು ಬಟ್ಟೆ ಗಂಟು ಕಟ್ಟಿಕೊಂಡು ಅಕ್ಕನ ಮನೆಗೆ ಬಂದೆ. ಈಸ್ಟರ್ ಇಲ್ಲೇ ಕಳೆದೆ. ಕೆಂಪು ಮೊಟ್ಟೆಗೆ ಮೊಟ್ಟೆ ಕುಟ್ಟುವ ಪಂದ್ಯಕ್ಕೆ ಎದುರಿಗೆ ಬಾವ ಕೂತಿದ್ದ, ಪಾಪ, ನನ್ನ ಮುಖ ನೋಡಿ ಬೇಕೆಂದೇ ಸೋತ.

ಎಲ್ಲವೂ ಹಾಗೇ ಇರುತ್ತಿತ್ತು, ಹತ್ತು ದಿನದ ಹಿಂದೆ ಶುಕ್ರವಾರ ಎರಾತೋ ನನ್ನನ್ನು ಕಚೇರಿಗೆ ಕರೆಯದಿದ್ದರೆ. ಕಚೇರಿಯವರು ನಿನ್ನ ಅಂಗಡಿಯಿಂದ ಜಪ್ತಿ ಮಾಡಿ ತಂದ ಕೋಲನ್ನು ಗುರುತಿಸಬೇಕಿತ್ತು, ಆ ಗಿಡದ್ದೇ ಹೌದೋ ಅಲ್ಲವೋ ಎಂದು. ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಚೀಟಿ ಅಂಟಿಸಿತ್ತು, ನಂಬರ್ ಬರೆದಿತ್ತು. ನಾನು ಕೈಗೆತ್ತಿಕೊಂಡೆ.

ಗಂಡಸಿನ ಕತ್ಸೂನಾ ಎದೆಯ ಮಟ್ಟಕ್ಕೆ ಬರುತ್ತದೆ. ಇದು ಕುಳ್ಳ. ಹಿಡಿಕೆಯನ್ನು ನೀನು ಎಂದೂ ಹಾಗೆ ಬಗ್ಗಿಸಿದವನಲ್ಲ, ಅದು ತಿರುವಿದ್ದು ಎಡಕ್ಕೆ. ಎಡಗೈಯಲ್ಲಿ ಹಿಡಿದೆ. ನನ್ನ ಬೆರಳುಗಳು ಎಲ್ಲಿ ಕೂರಬೇಕೋ ಅಲ್ಲಲ್ಲಿ ಒಂದೊಂದು ಚಿಕ್ಕ ತಗ್ಗು ತೆಗೆದಿದ್ದೆ. ಕಿರುಬೆರಳಿಗೂ. ಹಿಂದೊಮ್ಮೆ ನಿನ್ನ ಅಂಗಡಿಯ ಕುಲುಮೆಯ ಹತ್ತಿರ ಮುರಿದು ಸೊಟ್ಟಗೆ ಕೂಡಿಕೊಂಡ ನನ್ನ ಕಿರುಬೆರಳಿಗೆ ಸರಿಯಾಗಿ ಸೊಟ್ಟ ತಗ್ಗು. ನೆಲಕ್ಕೆ ಊರಿದೆ. ಬಲ ಮೊಣಕಾಲಿನ ನೋವು ಇಳಿಜಾರಿನಲ್ಲಿ ಎಲ್ಲಿ ಹಿಡಿಯುತ್ತದೋ ಅಲ್ಲಿಗೆ ಆ ಕೋಲಿನ ಆಸರೆ ಬಂತು. ಹೆಂಗಸಿಗೆ ಕತ್ಸೂನಾ ಮಾಡಿದವರನ್ನು ನಮ್ಮ ಕಡೆ ನಾನು ಕೇಳಿಲ್ಲ. ನಿನ್ನನ್ನು ಎಷ್ಟು ಜನ ಹಾಸ್ಯ ಮಾಡುತ್ತಿದ್ದರು, ಅದೂ ನಿನಗೆ ಗೊತ್ತಿತ್ತು. ಆದರೂ ಮಾಡಿದೆ. ಜನವರಿಯಲ್ಲಿ ಕಡಿದು, ಬೆಂಕಿಗೆ ಹಿಡಿದು ಬಗ್ಗಿಸಿ, ಕಟ್ಟಿ, ಹೊಗೆಯಲ್ಲಿ ನೇತುಹಾಕಿ, ಈಸ್ಟರಿಗೆ ಕೊಡಬೇಕೆಂದು ಕಾದಿದ್ದೆ ಅಲ್ಲವೇ? ಕಾಫಿ ಅಂಗಡಿಯಲ್ಲಿ ನೀನು ನಕ್ಕದ್ದು ಅದಕ್ಕೆ. ಗುಟ್ಟು ಹೊರಬಿತ್ತು ಎಂದು ನಕ್ಕೆ.

ಎರಾತೋ ಏನೋ ಕೇಳಿದಳು. ನನಗೆ ಕೇಳಿಸಲಿಲ್ಲ. ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟಳು. ಆ ಗಿಡದ್ದೇ ಅಂದೆ, ಅಷ್ಟೇ. ಮನೆಗೆ ಬಂದು ಯಾರಿಗೂ ಹೇಳದೆ ಟೊಮೇಟೊ ಸಾಲಿನ ನಡುವೆ ಕೂತು ಅತ್ತೆ. ಇಷ್ಟು ವರ್ಷ ನಿನ್ನೆದುರು ಕೂಗಾಡಿದ್ದೇನೆ, ಅತ್ತದ್ದು ಕಡಿಮೆ. ಎಲ್ಲ ಬಾಕಿಯನ್ನೂ ಅವತ್ತೇ ಅತ್ತು ಮುಗಿಸಿದೆ.

ಆದರೂ ಒಂದು ಉಳಿದಿತ್ತು. ನೀನು ಕಳ್ಳನಲ್ಲ ಎಂದ ಮೇಲೆ ಬೀಜದ ಗಿಡವನ್ನು ಏಕೆ ಕಡಿದೆ? ಮೊನ್ನೆ ಕಲ್ಲಿಯೋಪಿ ಅತ್ತೆಯ ಕಣ್ಣಿಗೆ ಔಷಧ ಬಿಡುವಾಗ ಕೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ನನ್ನನ್ನು ಗದರಿದರು. "ನೀನೇನ್ ಹುಡುಗಾಟ ಆಡ್ತಿದ್ಯೇನೇ? ಅವನ ರುಮಾಲು ಹರಿದು ಕಟ್ಟಿದೋಳು ನೀನು. ಆ ತುಂಡು ತಂದು ನನ್ ಮುಂದೆ ಹಿಡಿದ ಅವನು. 'ನೋಡು ಅತ್ತೆ, ಅವಳಪ್ಪ ಕೊಡ್ಲಿಲ್ಲ, ಅವಳು ಕೊಟ್ಳು' ಅಂದ. ಐವತ್ತೈದು ವರ್ಷದ ಗಂಡ್ಸು, ಹುಡುಗನ ಥರ ಕುಣೀತಿದ್ದ. ಕುರಿ ಕಾಯೋನ ಮಗಳಾಗಿ ಬಟ್ಟೆ ಕಟ್ಟಿದ್ರೆ ಏನು ಅಂತ ನಿಂಗೆ ಗೊತ್ತಿರ್ಲಿಲ್ವಾ?"

ಔಷಧ ಕೆನ್ನೆಗೆ ಇಳಿಯಿತು, ಅದಕ್ಕೂ ಬೈದರು.

ಅಪ್ಪ ನಿನಗೆ ಕೊಡಲಿಲ್ಲ, ಹೌದು. ಮಗಳ ಗಂಡನಿಗೆ ಹೆಣ್ಣಿನ ಮನೆಯವರು ಕತ್ಸೂನಾ ಕೊಡುವುದು ನಮ್ಮಲ್ಲಿ ಎಲ್ಲರೂ ಮಾಡುವುದು. ನೀನು ಕಡಲ ಕಡೆಯವನು, ಕುರಿ ಮುಟ್ಟಿದವನಲ್ಲ ಎಂದು ಅಪ್ಪ ಬರಿಗೈಯಲ್ಲಿ ನಿನಗೆ ಹೆಣ್ಣು ಕೊಟ್ಟ. ಆ ಸಿಟ್ಟಿಗೇ ನೀನು ಕೋಲಿನ ಕೆಲಸ ಕಲಿತೆ ಎಂದು ನಾನು ನಿನ್ನನ್ನು ಎಷ್ಟು ಸಲ ರೇಗಿಸಿದ್ದೇನೆ. ಇಪ್ಪತ್ತಾರು ವರ್ಷ ಊರಿನ ಎಲ್ಲ ಮದುಮಕ್ಕಳಿಗೆ ಕೋಲು ಮಾಡಿಕೊಟ್ಟೆ, ನೀನು ಮಾತ್ರ ಬರಿಗೈಯಲ್ಲಿ ಓಡಾಡಿದೆ. ಮಾಡಿಕೊಳ್ಳಬಾರದೇ ಅಂದರೆ "ತಾನೇ ಮಾಡ್ಕೊಂಡಿದ್ದು ಕೋಲಲ್ಲ" ಅನ್ನುತ್ತಿದ್ದೆ. ಕೊನೆಗೆ ನಿನಗೆ ಬಂತು ಎಂದುಕೊಂಡ ಗಿಡದಿಂದಲೂ ನಿನಗಾಗಿ ಮಾಡಿಕೊಳ್ಳಲಿಲ್ಲ, ನನ್ನ ಮಂಡಿಗೆ ಮಾಡಿದೆ. ನಿನ್ನಂಥ ಹುಚ್ಚನನ್ನು ಕಟ್ಟಿಕೊಂಡು ನಾನು ಏನು ಮಾಡಲಿ ಹೇಳು.

ಅವತ್ತು ಕಾಫಿ ಅಂಗಡಿಯಲ್ಲಿ ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಟ್ಟೆ ಕಟ್ಟಿದವಳು ನನ್ನ ಹೆಂಡತಿಯೇ ಎಂದು. ಹೇಳಿದ್ದರೆ ಕಚೇರಿಯವರು ನನ್ನನ್ನು ಕೆಲಸದಿಂದ ತೆಗೆಯುತ್ತಾರೆ, ಇಪ್ಪತ್ತು ಜನರ ಮುಂದೆ ನನ್ನ ಮಾನ ಹೋಗುತ್ತದೆ ಎಂದು ನುಂಗಿಕೊಂಡೆ. ನಾನು ನಿನ್ನ ಮಾನ ಕಳೆಯುತ್ತಿರುವಾಗ ನೀನು ನನ್ನ ಮಾನ ಉಳಿಸುತ್ತಿದ್ದೆ.

ಅದಕ್ಕೇ ಗುರುವಾರ ಹೇಳುತ್ತೇನೆ. ಎರಾತೋಗೆ ಆಗಲೇ ಹೇಳಿಯಾಯಿತು. ಅವಳು ಕನ್ನಡಕ ತೆಗೆದು ಒರೆಸಿದಳು. "ಗರಿಫಲಿಯಾ, ಇದಾದ್ಮೇಲೆ ನಿಮ್ಮನ್ನ ಇಟ್ಕೊಳ್ಳೋದು ಕಷ್ಟ" ಅಂದಳು. ಆಮೇಲೆ, "ಆದ್ರೆ ಕುರಿ ಕಾಯೋರು ಬಟ್ಟೆ ಕಟ್ತಾರೆ ಅನ್ನೋದು ನಾಲ್ಕು ವರ್ಷದಲ್ಲಿ ನಂಗೆ ಯಾಕೆ ಒಬ್ರೂ ಹೇಳ್ಲಿಲ್ಲ? ಪ್ಲಾಸ್ಟಿಕ್ ಬಿಟ್ಟು ಅದನ್ನೇ ಕಟ್ಬಹುದಿತ್ತಲ್ಲ" ಅಂದಳು. ನಮ್ಮನ್ನು ಯಾರೂ ಕೇಳಲಿಲ್ಲ ಮಗೂ ಅಂದೆ. ಕೆಲಸ ಹೋದರೆ ಹೋಗಲಿ. ಮುಳ್ಳು ಹೊದಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ.

ನಿನಗೆ ಒಂದು ಸುದ್ದಿ. ಬೊಡ್ಡೆಯಿಂದ ಜೂನ್‌ನಲ್ಲಿ ಐದು ಚಿಗುರು ಎದ್ದವು. ಎರಡನ್ನು ಮೇಕೆ ತಿಂದಿತು, ಮೂರಕ್ಕೆ ಮುಳ್ಳು ಒಟ್ಟಿದ್ದೇನೆ. ನೀನು ಗರಗಸವನ್ನು ಓರೆಯಾಗಿ ಹಾಕಿದ್ದೆ, ನೀರು ನಿಲ್ಲದ ಹಾಗೆ. ಸಿಟ್ಟಿನಲ್ಲಿದ್ದಾಗಲೂ ನನಗೆ ಅದು ಕಂಡಿತ್ತು. ಕದಿಯುವವನು ಹಾಗೆ ಕಡಿಯುವುದಿಲ್ಲ. ಮತ್ತೆ ಬೀಜ ಬಿಡುವುದಕ್ಕೆ ಮೂವತ್ತು ವರ್ಷ ಬೇಕು, ನಾವಿಬ್ಬರೂ ನೋಡುವುದು ಅನುಮಾನ. ಆದರೂ ವರ್ಷಕ್ಕೊಮ್ಮೆ ಮುಳ್ಳು ಹೊರುವುದು ಒಬ್ಬಳ ಕೈಲಿ ಆಗುವುದಿಲ್ಲ, ನನ್ನ ಮಂಡಿ ನಿನಗೆ ಗೊತ್ತಲ್ಲ.

ಗುರುವಾರ ಹಬ್ಬದ ಅಂಗಿ ಹಾಕಿಕೊಂಡು ಬಾ, ಆ ಕಂದು ಸ್ವೆಟರ್ ಬೇಡ, ಅದರಲ್ಲಿ ನಿಜವಾಗಿಯೂ ಮರ ಕದ್ದವನ ಹಾಗೆ ಕಾಣುತ್ತೀಯ. ನಾನು ಏಳು ಗಂಟೆಯ ಬಸ್ಸಿಗೆ ಬರುತ್ತೇನೆ. ಮುಗಿದ ಮೇಲೆ ನಮ್ಮೂರಿನ ಬಸ್ಸು ಮಧ್ಯಾಹ್ನ ಎರಡಕ್ಕೆ. ನಾನು ಅದಕ್ಕೆ ಹತ್ತಬಹುದೋ ಇಲ್ಲವೋ, ನೀನು ಹೇಳಬೇಕು. ಈ ಒಂದು ಸಲ "ಹೂಂ" ಅಂದರೂ ಸಾಕು.

ನಿನ್ನ,
ಬಾಯಿಬಡುಕಿ,
ಗರಿಫಲಿಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಲಕೋಟೆಗೆ ಗೋಂದು ಹಚ್ಚಿದವಳು ಮತ್ತೆ ಬಿಚ್ಚಿದೆ. ಹುರಿ ಮುಗಿದಿರಲಿಲ್ಲ, ಮಿನಾಸ್. ಇನ್ನೂ ನಾಲ್ಕು ಗಿಡಕ್ಕಾಗುವಷ್ಟು ಕೈಯಲ್ಲೇ ಇತ್ತು. ಅದನ್ನು ಚೀಲಕ್ಕೆ ಹಾಕಿ, ನಿನ್ನ ರುಮಾಲು ತೆಗೆದು, ಗಂಟಿನ ಅಂಚು ಹೊರಗೆ ಕಾಣುವ ಹಾಗೆ ಹರಿದು ಕಟ್ಟಿದೆ. ಅದರ ಅರ್ಥ ಗೊತ್ತಿದ್ದೇ ಕಟ್ಟಿದೆ. ಅಪ್ಪ ಕೊಡದಿದ್ದದ್ದನ್ನು ನಾನು ಕೊಡುತ್ತೇನೆ ಎಂದು ಕಟ್ಟಿದೆ. ನೀನು ಹೋಗಿ ಕಡಿಯುತ್ತೀಯ ಎಂದು ಮಾತ್ರ ಯೋಚಿಸಲಿಲ್ಲ, ನಿನ್ನ ಹೆಸರಿನಲ್ಲಿ ಅಲ್ಲಿ ನಿಂತಿರಲಿ ಎಂದಷ್ಟೇ ಅಂದುಕೊಂಡೆ. ಏಪ್ರಿಲ್‌ನಲ್ಲಿ ಬೊಡ್ಡೆ ಕಂಡ ಗಳಿಗೆಯಲ್ಲೇ ತಪ್ಪು ಯಾರದೆಂದು ನನಗೆ ಗೊತ್ತಾಗಿತ್ತು. ಅಷ್ಟು ಜೋರಾಗಿ ಕೂಗಿದ್ದು ಅದಕ್ಕೆ. ಗುರುವಾರ ಹುರಿಯ ಮಾತು ಬಂದರೆ ಇದನ್ನೂ ಹೇಳುತ್ತೇನೆ. ಎಲ್ಲರಿಗಿಂತ ಮೊದಲು ನಿನಗೆ ಗೊತ್ತಿರಲಿ.